ಗರಸು ನೆಲದಲ್ಲಿ ಮರ ಬೆಳೆಸಿದರೆ ಜೀವನ ಆಗುತ್ತಾ?

ಊರಿಗೆ ಹೋದಾಗೆಲ್ಲ ಯಾರಾದರೂ ಕೇಳುತ್ತಾರೆ: "ಎರಡೆಕರೆ ಗರಸು ನೆಲ, ಬರೀ ಕಲ್ಲುಮಣ್ಣು, ಬೋರ್‌ವೆಲ್ ಬತ್ತಿದೆ. ಸುಮ್ನೆ ಮರ ಹಾಕಿಬಿಡ್ಲಾ?"

ಹಾಕಿ. ಆದರೆ ಸುಮ್ನೆ ಹಾಕಬೇಡಿ.

ನಮ್ಮ ಕೋಲಾರ ಜಿಲ್ಲೆ ಒಮ್ಮೆ ಹಾಗೆ ಹಾಕಿ ನೋಡಿದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ, ಅಂದ್ರೆ ಕಾಡಿನಾಚೆಯ ಜಮೀನಲ್ಲೂ ಮರ ಬೆಳೆಸುವ ಸರ್ಕಾರಿ ಯೋಜನೆಯ ಹೆಸರಲ್ಲಿ ರಾಗಿ ಹೊಲಕ್ಕೂ ನೀಲಗಿರಿ ಬಂತು. ದನ ತಿನ್ನಲ್ಲ, ಕಡಿದರೆ ಮತ್ತೆ ಚಿಗುರುತ್ತೆ. ಬೇಸಾಯದಲ್ಲಿ ಸೋತವರಿಗೆ ಆಸರೆಯೂ ಆಯ್ತು. ಆದರೆ ಹೊಲದ ಕೂಲಿ ಹೋಯ್ತು, ಮನೆಗೆ ಬರುವ ರಾಗಿ ಹೋಯ್ತು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಈಗ ಹೊಲದ ತುಂಬಾ ಬೇಗ ಬೆಳೆಯುವ ಹೆಬ್ಬೇವಿನ ಮರವೊಂದನ್ನೇ, ಶ್ರೀಗಂಧವೊಂದನ್ನೇ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. 2001ರ ಕಾನೂನು ತಿದ್ದುಪಡಿ ಆದಮೇಲೆ ನಿಮ್ಮ ಜಮೀನಿನ ಗಂಧದ ಮರ ನಿಮ್ಮದೇ, ನಿಜ. ಆದರೆ ಹದಿನೈದು ವರ್ಷ ಕಳ್ಳರಿಂದ ಕಾಯುವವರು ಯಾರು?

ನನ್ನ ಮಾತು ಇಷ್ಟೇ. ಮಣ್ಣಿರುವ ಕಡೆ ರಾಗಿಯೇ ಇರಲಿ, ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಬರಲಿ. ಬದುವಿನ ಮೇಲೆ ಹೆಬ್ಬೇವು, ಹೊಂಗೆ. ಹೆಬ್ಬೇವು ಏಳೆಂಟು ವರ್ಷಕ್ಕೆ ಪ್ಲೈವುಡ್‌ಗೆ ಹೋಗುತ್ತದೆ, ಮಗಳ ಓದಿಗೋ ಮದುವೆಗೋ ಆಗುತ್ತದೆ. ಕಲ್ಲು ತುಂಬಿದ ಮೂಲೆಗೆ ಸೀತಾಫಲ, ಹುಣಸೆ.

ಹುಣಸೆ ಅಂದ್ರೆ ನನಗೆ ಜಾಸ್ತಿ ಪ್ರೀತಿ. ಕಸಿ ಗಿಡ ನಾಲ್ಕೈದು ವರ್ಷಕ್ಕೇ ಕಾಯಿ ಬಿಡುತ್ತದೆ. ಕಾಯಿ ಕಚ್ಚಿದಾಗಲೇ ವ್ಯಾಪಾರಿ ಬಂದು ಮರ ಸುತ್ತಿ ನೋಡಿ ಇಡೀ ಮರದ ಫಸಲನ್ನೇ ಗುತ್ತಿಗೆಗೆ ಕೇಳುತ್ತಾನೆ. ಕೈಯಲ್ಲಿ ಕಾಸಿಲ್ಲದಿದ್ದಾಗ ಒಪ್ಪಿಬಿಡುತ್ತೇವೆ, ಅಲ್ವಾ? ಆದಷ್ಟೂ ಒಪ್ಪಬೇಡಿ. ನಮ್ಮಜ್ಜಿ ಬೇಸಿಗೆ ಮಧ್ಯಾಹ್ನ ಜಗಲಿ ಮೇಲೆ ಕೂತು ಕಾಯಿ ಒಡೆದು, ನಾರು ಎಳೆದು, ಬೀಜ ಬಿಡಿಸುತ್ತಿದ್ದರು. ಬೆರಳ ತುದಿಯೆಲ್ಲ ಕಪ್ಪಾಗಿರುತ್ತಿತ್ತು. ಬೀಜ ತೆಗೆದ ಹಣ್ಣಿಗೆ ಸಿಗುವ ಬೆಲೆಯೇ ಬೇರೆ, ಆ ಕೂಲಿಯೂ ಮನೆಯಲ್ಲೇ ಉಳಿಯುತ್ತಿತ್ತು.

ಮೊದಲ ಮೂರು ವರ್ಷ ಮರದಿಂದ ದುಡ್ಡು ಬರಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಪ್ರತಿ ಸಸಿಗೆ ಮೂರು ವರ್ಷದಲ್ಲಿ ಒಟ್ಟು 125 ರೂಪಾಯಿ ಸಿಗುತ್ತದೆ. ಸಸಿ ತಂದ ರಸೀದಿ ಜೋಪಾನ. ಮರಗಳನ್ನು ಜಮೀನಿನ ಪಹಣಿಯಲ್ಲಿ ಬರೆಸಿ, ಮುಂದೆ ಕಡಿಯುವಾಗ ಅಲೆದಾಟ ತಪ್ಪುತ್ತದೆ. ಸುತ್ತ ಜಾಲಿ ಮುಳ್ಳು ಒಡ್ಡಿ, ಮೇಕೆ ಒಂದೇ ಸಂಜೆಗೆ ವರ್ಷದ ಚಿಗುರು ಮುಗಿಸುತ್ತದೆ.

ಗುಂಡಿ ಮಾತ್ರ ಬೇಸಿಗೆಯಲ್ಲೇ ತೋಡಿಟ್ಟುಕೊಳ್ಳಿ. ಮಳೆ ಬಿದ್ದಮೇಲೆ ರಾಗಿ ಬಿತ್ತನೆಗೇ ಕೈ ಸಾಲಲ್ಲ.