ಓಟಿಗೆ ಮುಂಚಿನ ದೊರೆ

ಜಾತ್ರೆಗೆಂದು ಕೊಪ್ಪಳದ ಹತ್ತಿರ ಇರುವ ದೊಡ್ಡಪ್ಪನ ಊರಿಗೆ ಹೋಗಿದ್ದೆ. ಬಯಲಾಟ ಶುರುವಾಗುವುದು ರಾತ್ರಿ ಹತ್ತರ ಮೇಲೆ. ಅಲ್ಲಿಯವರೆಗೆ ಹೊತ್ತು ಹೋಗಬೇಕಲ್ಲ? ದೊಡ್ಡವ್ವ ಒಗ್ಗರಣಿ, ಮಿರ್ಚಿ ಮಾಡಿದರು. ಹುಡುಗರು ಟಿವಿ ಹಚ್ಚಿದರು. ಯಾವುದೋ ಕಾಮಿಡಿ ಶೋ.

ಧೋತರ, ಪಟಗ, ಅಂಟಿಸಿದ ಮೀಸೆ. ನಮ್ಮ ಕಡೆಯವನಂತೆ. ಬಂದವನೇ "ಯಾಕಲೇ, ಎಲ್ಲಿಗ್ ಹೊಂಟಿ?" ಎಂದ. ಹೋ ಎಂದು ನಗು. "ಊಟ ಆತೇನ್ರಿ?" ಎಂದ. ಮತ್ತೆ ನಗು. ತೀರ್ಪುಗಾರರು ಮೇಜು ಕುಟ್ಟಿದರು. ದೊಡ್ಡಪ್ಪ ಮಿರ್ಚಿಯ ತೊಟ್ಟು ಕಿತ್ತು ತಟ್ಟೆಯ ಅಂಚಿಗಿಟ್ಟು, "ಇವ ಏನ್ ಅಂದಾನಂತ ನಗಾಕತ್ತಾರ?" ಎಂದು ಕೇಳಿದರು.

"ನಮ್ಮಂಗ ಮಾತಾಡ್ತಾನಲ್ಲ ಅಜ್ಜ, ಅದಕ್ಕ" ಎಂದಳು ಮೊಮ್ಮಗಳು.

"ಹಂಗಾ? ನಾ ಹುಟ್ಟಿದಾಗಿಂದ ಹಿಂಗ ಮಾತಾಡಾಕತ್ತೀನಿ. ಒಬ್ಬರೂ ರೊಕ್ಕ ಕೊಟ್ಟಿಲ್ಲ."

ಶೋ ಪೂರ್ತಿ ಮುಗಿದರೂ ಅದಕ್ಕಿಂತ ಒಳ್ಳೆಯ ಜೋಕು ಬರಲಿಲ್ಲ.

ದೊಡ್ಡಪ್ಪನಿಗೆ ಟಿವಿ ನಿನ್ನೆ ಮೊನ್ನೆಯದಲ್ಲ. 1975ರ ಆಗಸ್ಟಿನಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ಶುರುವಾಯಿತು. ಒಂದು ವರ್ಷ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗ ಮತ್ತು ನಮ್ಮ ರಾಯಚೂರು ಜಿಲ್ಲೆ. ಕೊಪ್ಪಳ ಆಗ ರಾಯಚೂರಿನಲ್ಲೇ ಇತ್ತು. ದೊಡ್ಡಪ್ಪ ಪಕ್ಕದ ಊರಿಗೆ ನಡೆದು ಹೋಗಿ, ನೆಲದ ಮೇಲೆ ಕೂತು ನೋಡಿದವರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಟಿವಿ ನೋಡಿದ ಜನ ನಾವು. ಈಗ ಅದೇ ಟಿವಿಯಲ್ಲಿ ನಾವು ಬಾಯಿ ಬಿಟ್ಟರೆ ಸಾಕು, ಜೋಕು.

ಭಾಷೆಯಿಂದ ನಗಿಸಬಾರದು ಅಂತ ನಾನು ಹೇಳುತ್ತಿಲ್ಲ. ಇಲ್ಲೇ ಪಕ್ಕದ ಗಂಗಾವತಿ ಪ್ರಾಣೇಶ್ ಅವರು ವೇದಿಕೆಯ ಮೇಲೆ ಇದೇ ಮಾತಿನಲ್ಲಿ ಎಷ್ಟು ಹೊತ್ತು ಬೇಕಾದರೂ ನಗಿಸುತ್ತಾರೆ. ಆದರೆ ಅಲ್ಲಿ ನಗು ಬರುವುದು ಹೇಳಿದ ವಿಷಯಕ್ಕೆ, ಹೇಳಿದವನ ಊರಿಗಲ್ಲ. ಟಿವಿ ಶೋದವರಿಗೆ ವಿಷಯವೇ ಬೇಡವಾಗಿದೆ. ಕಪ್ಪಗಿದ್ದರೆ ಜೋಕು. ದಪ್ಪಗಿದ್ದರೆ ಜೋಕು. ಹೆಂಡತಿ ಬೈದರೆ, ಹೊಡೆದರೆ, ತವರಿಗೆ ಹೋದರೆ ಜೋಕು. ಜನ ನಗದಿದ್ದರೆ ನಗು ಸೇರಿಸುವುದಕ್ಕೆ ದಾರಿ ಇದ್ದೇ ಇದೆ. 1950ರ ದಶಕದಲ್ಲೇ ಅಮೆರಿಕದ ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್, ಗುಂಡಿ ಒತ್ತಿದರೆ ರೆಕಾರ್ಡ್ ಆದ ನಗು ಬರುವ ಪೆಟ್ಟಿಗೆ ಮಾಡಿದ್ದ. ಸಣ್ಣ ನಗು, ದೊಡ್ಡ ನಗು, ಯಾವುದು ಬೇಕೋ ಅದು.

ಗಂಡಸರು ಸೀರೆ ಉಡುವುದಕ್ಕೂ ನನ್ನ ತಕರಾರಿಲ್ಲ. ಆ ರಾತ್ರಿ ಆಟದಲ್ಲಿ ದ್ರೌಪದಿ ಆದವನೂ ಗಂಡಸೇ. ಗಡ್ಡ ಬೋಳಿಸಿದ ಕೆನ್ನೆಯ ಹಸಿರು, ಹಚ್ಚಿದ ಬಣ್ಣದಡಿಯಲ್ಲೂ ಕಾಣುತ್ತಿತ್ತು. ಆದರೂ ಅವನು ಕೃಷ್ಣನನ್ನು ಕೂಗಿದಾಗ ನನ್ನ ಪಕ್ಕದಲ್ಲಿ ಕೂತ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟಿವಿಯಲ್ಲಿ ಸೀರೆ ಉಟ್ಟದ್ದೇ ಜೋಕು, ಅಲ್ಲಿಗೇ ಮುಗಿಯಿತು.

ನನಗೆ ಬೇಕಾದ ವಿಡಂಬನೆ ಸಿಕ್ಕಿದ್ದು ಆ ಆಟದಲ್ಲೇ. ಬಯಲಾಟದಲ್ಲಿ ಸಾರಥಿ ಅಂತ ಒಂದು ಪಾತ್ರ ಇರುತ್ತದೆ. ರಂಗಕ್ಕೆ ಯಾರೇ ಬರಲಿ, ನೀವ್ಯಾರು, ಯಾಕೆ ಬಂದಿರಿ ಎಂದು ಮಾತಾಡಿಸುವವನು ಅವನೇ. ರಾಜನಿಗೂ ಬಿಡುವುದಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ದುರ್ಯೋಧನ ಹಲಗೆ ಮುರಿಯುವಂತೆ ಕುಣಿದು, "ಹಸ್ತಿನಾವತಿಯ ದೊರೆ ನಾನು!" ಎಂದು ಗುಡುಗಿದ.

ಸಾರಥಿ ಅವನನ್ನು ಸುತ್ತು ಹಾಕಿ ನೋಡಿದ. "ದೊರಿ ಅಂದ್ರ ಯಾವ ದೊರೀಪಾ? ಓಟಿಗೆ ಮುಂಚಿನಾವೋ, ಓಟು ಆದ ಮ್ಯಾಲಿನಾವೋ?"

"ಏಕೆ ಸಾರಥಿ?"

"ಮುಂಚಿನಾವ ಆದ್ರ ನೀ ನನಗ ಕೈ ಮುಗಿ. ಮ್ಯಾಲಿನಾವ ಆದ್ರ ನಾ ನಿನಗ ಮುಗೀತೀನಿ."

ಜನ ಎದ್ದೆದ್ದು ನಕ್ಕರು. ಅವನು ಅಷ್ಟಕ್ಕೇ ಬಿಡಲಿಲ್ಲ. ನಿನ್ನ ಹಸ್ತಿನಾವತಿಯಲ್ಲಿ ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ಕೇಳಿದ. ದುರ್ಯೋಧನನಿಗೆ ಇದು ಪಾಠದಲ್ಲಿಲ್ಲದ ಪ್ರಶ್ನೆ. ಮೀಸೆ ತಿರುವಿ ಹೊತ್ತು ಕಳೆದ. ಪಂಚಾಯ್ತಿ ಮೆಂಬರು ಮುಂದಿನ ಸಾಲಿನ ಕುರ್ಚಿಯಲ್ಲೇ ಕೂತಿದ್ದರು. ಸಾರಥಿ ಅವರ ಹೆಸರೆತ್ತಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಊರೆಲ್ಲ ಮಾತ್ರ ಅವರನ್ನೇ ನೋಡಿತು.

ಟಿವಿಯಲ್ಲಿ ಇದು ಆಗುವುದಿಲ್ಲ, ಕೇಸು ಬೀಳುತ್ತದೆ, ಜಾಹೀರಾತು ಹೋಗುತ್ತದೆ ಎನ್ನುತ್ತಾರೆ. ಇರಬಹುದು. ಆದರೆ 1989ರಲ್ಲಿ ಹಾಸ್ಯನಟ ಜಸ್‌ಪಾಲ್ ಭಟ್ಟಿ ಹಿಂದಿಯಲ್ಲಿ 'ಫ್ಲಾಪ್ ಶೋ' ಮಾಡಿದ್ದು ಎಲ್ಲಿ? ದೂರದರ್ಶನದಲ್ಲಿ. ಕಂಟ್ರಾಕ್ಟರನ ಕಳಪೆ ಕೆಲಸ, ಸತ್ತು ಬಿದ್ದ ಟೆಲಿಫೋನು, ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುವ ಪಿಎಚ್‌ಡಿ ಗೈಡು, ಎಲ್ಲರನ್ನೂ ಎಳೆದು ತಂದಿದ್ದರು. ಹಿಂದಿ ಅರ್ಧಂಬರ್ಧ ತಿಳಿಯುತ್ತಿದ್ದ ನಮ್ಮ ಮನೆಯಲ್ಲೂ ಬಿದ್ದು ಬಿದ್ದು ನಕ್ಕಿದ್ದೆವು. ಸರಕಾರಿ ಕಚೇರಿಯನ್ನು ಸರಕಾರದ ಚಾನೆಲ್ಲೇ ಗೇಲಿ ಮಾಡಿತ್ತು. ಇಂದು ಇಷ್ಟೊಂದು ಖಾಸಗಿ ಚಾನೆಲ್‌ಗಳಿದ್ದರೂ ಅತ್ತೆ, ನಾದಿನಿ ಬಿಟ್ಟು ಮೇಲೆ ಹೋಗುವ ಧೈರ್ಯ ಯಾರಿಗಿದೆ?

ಆಟ ಮುಗಿಯುವ ಮುಂಚೆ ಮೆಂಬರು ಎದ್ದು ಬಂದರು. ಸಾರಥಿಯ ಅಂಗಿಗೆ ನೂರು ರೂಪಾಯಿ ನೋಟು ಸಿಕ್ಕಿಸಿ, ಬೆನ್ನು ತಟ್ಟಿದರು. ಮೈಕಿನಲ್ಲಿ ಅವರ ಹೆಸರು ಕೂಗಿದರು, ಚಪ್ಪಾಳೆ ಬಿತ್ತು. ಜಾಣ ಮನುಷ್ಯ, ಸಿಟ್ಟಾಗಿದ್ದರೆ ಕೆಡುತ್ತಿತ್ತು. ಬೆಳಗ್ಗೆ ನಾನು ಅದನ್ನು ಹೊಗಳುತ್ತಿದ್ದೆ. ಖಾಲಿ ಕೊಡ ಎತ್ತಿಕೊಂಡು ಹೊರಟಿದ್ದ ದೊಡ್ಡವ್ವ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡರು.

"ನೂರು ರೂಪಾಯಿ ಬಿಟ್ಟಾನ ನೋಡು" ಎಂದರು. "ನೀರು ಬಿಡವಲ್ಲ."