ಸದ್ದಿಲ್ಲದ ಫ್ರಿಜ್ಜಿನ ಜೊತೆ ಏಳು ದಿನ

ಪ್ರವಾಸ ಹೊರಡುವ ಹಿಂದಿನ ಸಂಜೆ ಆರು ಗಂಟೆಗೆ ಫ್ರಿಜ್ಜಿನ ಗುಂಡಿ ಒತ್ತಿ, ಅದರ ಬಾಗಿಲಿಗೆ ಕಿವಿಯಾನಿಸಿ ನಿಂತೆ. ಮನೆಯ ಫ್ರಿಜ್ಜಿನಂತೆ ಅದು ಗುರುಗುಟ್ಟಲಿಲ್ಲ, ಮೈ ನಡುಗಿಸಲಿಲ್ಲ. ಹಿಂದಿನ ಮಾಲೀಕರಿಂದ ಕೊಂಡು ಎರಡೇ ತಿಂಗಳಾಗಿದ್ದ, ಒಳಗೇ ಅಡುಗೆ, ಹಾಸಿಗೆಯಿರುವ ಪ್ರವಾಸದ ವಾಹನವಾದ ಆ ಹಳೆಯ ಆರ್‌ವಿಯಲ್ಲಿ ಒಲೆ, ನೀರಿನ ಪಂಪು, ದೀಪಗಳನ್ನೆಲ್ಲ ಪರೀಕ್ಷಿಸಿದ್ದೆನಾದರೂ ಫ್ರಿಜ್ಜನ್ನು ಮಾತ್ರ ಒಮ್ಮೆಯೂ ಚಾಲೂ ಮಾಡಿ ನೋಡಿರಲಿಲ್ಲ. ಕೆಟ್ಟಿದೆಯೆಂದೇ ತೀರ್ಮಾನಿಸಿ ಭಾವನವರನ್ನು ಕೂಗಿದೆ. ಅವರು ಬಂದು ಒಮ್ಮೆ ಹಿಂದಿನ ಜಾಲರಿಯ ಹತ್ತಿರ ಕೈ ಹಿಡಿದು ನೋಡಿ, "ಇದು ಸದ್ದು ಮಾಡುವ ಜಾತಿಯಲ್ಲ. ಈಗ ಮುಚ್ಚಿಬಿಡು, ಬೆಳಿಗ್ಗೆ ತೆರೆದು ನೋಡು" ಎಂದರು. ಬೆಳಿಗ್ಗೆ ಒಳಗಿಟ್ಟಿದ್ದ ಲೋಟದ ನೀರಿನಲ್ಲಿ ಮುಳುಗಿದ್ದ ಥರ್ಮಾಮೀಟರು 5 ಡಿಗ್ರಿ ತೋರಿಸುತ್ತಿತ್ತು.

ಆ ಲೋಟ ಮತ್ತು ಥರ್ಮಾಮೀಟರು ಏಳು ದಿನವೂ ನಮ್ಮ ಜೊತೆಗಿದ್ದವು. ಅದಕ್ಕೆ ಕಾರಣ ಅಕ್ಕನ ಇನ್ಸುಲಿನ್. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಬಿಸಿಯಾದರೆ ಶಕ್ತಿ ಕುಂದುತ್ತದೆ, ಹೆಪ್ಪುಗಟ್ಟಿದರೆ ಎಸೆಯುವುದೇ ಗತಿ. ಹಾಲು ಒಡೆದರೆ ಇನ್ನೊಂದು ಕಡೆ ಹಾಲು ಸಿಗುತ್ತದೆಯೆಂಬ ಧೈರ್ಯ ಈ ವಿಷಯದಲ್ಲಿ ಸಾಧ್ಯವಿರಲಿಲ್ಲ. ಬಾಗಿಲು ತೆರೆದಾಗ ಗಾಳಿಯ ಉಷ್ಣತೆ ಕ್ಷಣದಲ್ಲಿ ಏರಿಬಿಡುವುದರಿಂದ, ನೀರಿನಲ್ಲಿ ಅದ್ದಿಟ್ಟ ಥರ್ಮಾಮೀಟರಿನ ಅಂಕಿಯನ್ನೇ ನಂಬಬೇಕೆಂದು ಭಾವ ಮೊದಲ ದಿನವೇ ಅಪ್ಪಣೆ ಕೊಡಿಸಿದ್ದರು.

ಮೊದಲ ದಿನ ಬಯಲುಸೀಮೆಯ ನೇರ ರಸ್ತೆ. ಈ ಫ್ರಿಜ್ಜು ಗ್ಯಾಸಿನ ಉರಿಯಿಂದಲೂ ನಡೆಯುತ್ತದೆ, ವಿದ್ಯುತ್ತಿನಿಂದಲೂ ನಡೆಯುತ್ತದೆ; ವಾಹನ ಓಡುವಾಗ ನಾವು ಅದರ ಗ್ಯಾಸ್ ಹಚ್ಚುತ್ತಿರಲಿಲ್ಲ. ಇಂಧನ ತುಂಬಿಸುವ ಕಡೆ ಒಳಗೊಂದು ಉರಿ ಹೊತ್ತಿಕೊಂಡಿರುವುದು ಭಾವನವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಚೆನ್ನಾಗಿ ತಣಿದ ಸಾಮಾನುಗಳಿಂದ ತುಂಬಿದ ಫ್ರಿಜ್ಜು ಪದೇ ಪದೇ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಬೇಸರದ ರಸ್ತೆಯಲ್ಲಿ, ಬೆಂಕಿ ಹಚ್ಚಿದರೆ ತಣ್ಣಗಾಗುವ ಈ ಪೆಟ್ಟಿಗೆಯ ಗುಟ್ಟನ್ನು ಅವರು ಬಿಡಿಸಿ ಹೇಳಿದರು.

ಅದರ ಹಿಂದಿನ ಉಕ್ಕಿನ ಕೊಳವೆಗಳಲ್ಲಿ ನೀರು, ಅಮೋನಿಯಾ ಮತ್ತು ಹೈಡ್ರೋಜನ್ ಶಾಶ್ವತವಾಗಿ ಬೆಸೆದು ಮುಚ್ಚಲ್ಪಟ್ಟಿರುತ್ತವೆ. ಉಕ್ಕು ತುಕ್ಕು ಹಿಡಿಯದಂತೆ ತುಸು ಸೋಡಿಯಂ ಕ್ರೋಮೇಟ್ ಕೂಡ ಬೆರೆತಿರುತ್ತದೆ. ಕೆಳಗಿನ ಉರಿ ಅಥವಾ ವಿದ್ಯುತ್ ಹೀಟರು ದ್ರಾವಣವನ್ನು ಕುದಿಸಿದಾಗ ಅಮೋನಿಯಾ ಆವಿಯಾಗಿ ಮೇಲೇರಿ, ಮೇಲಿನ ಕೊಳವೆಗಳಲ್ಲಿ ಹೊರಗಾಳಿಗೆ ಶಾಖ ಬಿಟ್ಟು ದ್ರವವಾಗುತ್ತದೆ. ಆ ದ್ರವ ಹೈಡ್ರೋಜನ್ ತುಂಬಿದ ಭಾಗಕ್ಕೆ ಇಳಿದೊಡನೆ, ಒಣಗಾಳಿಗೆ ಹಿಡಿದ ಒದ್ದೆ ಕೈ ತಣ್ಣಗಾಗುವಂತೆ, ಅದು ಮತ್ತೆ ಆವಿಯಾಗಿ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಬಳಿಕ ನೀರು ಅಮೋನಿಯಾವನ್ನು ಹೀರಿ ಕೆಳಕ್ಕೆ ಒಯ್ಯುತ್ತದೆ. ಪಂಪಿಲ್ಲ, ಮೋಟಾರಿಲ್ಲ, ಎಲ್ಲವೂ ಶಾಖ ಮತ್ತು ಗುರುತ್ವದ ಕೆಲಸ. 1922ರಲ್ಲಿ ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬಿಬ್ಬರು ವಿದ್ಯಾರ್ಥಿಗಳು ಇದನ್ನು ರೂಪಿಸಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಮಾರುಕಟ್ಟೆಗೆ ತಂದಿತು. ಐನ್‌ಸ್ಟೈನ್ ಮತ್ತು ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಕೂಡ ಚಲಿಸುವ ಭಾಗಗಳಿಲ್ಲದ ಇಂಥದೇ ಒಂದು ಫ್ರಿಜ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರೆಂದು ಕೇಳಿದಾಗ, ನನ್ನ ಹಿಂದೆ ಮೌನವಾಗಿ ನಿಂತಿದ್ದ ಆ ಪೆಟ್ಟಿಗೆಯ ಮೇಲೆ ಸ್ವಲ್ಪ ಗೌರವ ಮೂಡಿತು. ಚಲಿಸುವ ಭಾಗವೇ ಇಲ್ಲದ ಮೇಲೆ ಕೆಡುವುದೇನು ಎಂಬ ನನ್ನ ಪ್ರಶ್ನೆಗೆ ಭಾವ, "ಕೆಡುವುದು ಸಾಮಾನ್ಯವಾಗಿ ಅದಲ್ಲ, ಅದರ ಸುತ್ತಮುತ್ತ ಇರುವುದು" ಎಂದರು. ಮುಂದಿನ ಆರು ದಿನ ಆ ಸುತ್ತಮುತ್ತದಲ್ಲೇ ಕಳೆದವು.

ಎರಡನೆಯ ದಿನ ಮಧ್ಯಾಹ್ನ ಹೊರಗೆ 41 ಡಿಗ್ರಿ ಬಿಸಿಲು. ಬೆಳಿಗ್ಗೆಯೇ ವಾಹನ ನಿಲ್ಲಿಸಿ ಗ್ಯಾಸ್ ಹಚ್ಚಿದ್ದೆವು. ಉರಿ ಚೆನ್ನಾಗಿಯೇ ಇತ್ತು. ಆದರೂ ಲೋಟದ ನೀರು 11 ಡಿಗ್ರಿಗೆ ಏರಿತ್ತು. ಅಕ್ಕ ಏನೂ ಮಾತಾಡದೆ ಇನ್ಸುಲಿನ್ನಿನ ಡಬ್ಬಿಯನ್ನು ಹೊರತೆಗೆದು, ಬಟ್ಟೆ ಸುತ್ತಿ, ಐಸ್ ಚೀಲ ಹಾಕಿದ ಥರ್ಮಾಸಿಗೆ ಇಳಿಸಿದಳು. ಆ ಮೌನ ನನಗೆ ಯಾವ ಬೈಗುಳಕ್ಕಿಂತಲೂ ಹೆಚ್ಚು ತಾಗಿತು. ಫ್ರಿಜ್ಜಿನ ಬೆನ್ನು ನೇರ ಬಿಸಿಲಿಗೆ ಒಡ್ಡಿಕೊಂಡಿರುವುದು ಮೊದಲ ತಪ್ಪು. ವಾಹನವನ್ನು ತಿರುಗಿಸಿ ಆ ಪಕ್ಕಕ್ಕೆ ನೆರಳು ಮಾಡಿದೆವು. ಎರಡನೆಯ ತಪ್ಪು ಛಾವಣಿಯ ಮೇಲಿತ್ತು. ಇಂಥ ಫ್ರಿಜ್ಜಿನ ಹಿಂದೆ ಕೆಳಗಿನ ಜಾಲರಿಯಿಂದ ತಂಪು ಗಾಳಿ ನುಗ್ಗಿ, ಕೊಳವೆಗಳ ಶಾಖವನ್ನು ಹೊತ್ತು, ಮೇಲಿನ ಕಿಂಡಿಯಿಂದ ಹೊರಬೀಳಬೇಕು. ಏಣಿ ಹತ್ತಿ ಮೇಲಿನ ಮುಚ್ಚಳ ಬಿಚ್ಚಿದರೆ, ಕಿಂಡಿಯ ಅರ್ಧಭಾಗವನ್ನು ಕಣಜವೊಂದು ಕಟ್ಟಿಬಿಟ್ಟ ಒಣಮಣ್ಣಿನ ಗೂಡು ಮತ್ತು ತರಗೆಲೆಗಳು ತುಂಬಿದ್ದವು. ಗೂಡು ಖಾಲಿಯಾಗಿದ್ದುದು ನಮ್ಮ ಪುಣ್ಯ. ಕಸವೆಲ್ಲ ಕೊಳವೆಗಳ ಮೇಲೆ ಬೀಳದಂತೆ ಕೆಳಗೊಂದು ಬಟ್ಟೆ ಹಿಡಿದು ತೆಗೆದೆವು. ಅಲ್ಲೇ ಇದ್ದ 12 ವೋಲ್ಟಿನ ಪುಟ್ಟ ಫ್ಯಾನೂ ತಿರುಗುತ್ತಿರಲಿಲ್ಲ; ವೈರಿನ ತುದಿ ಕಳಚಿತ್ತು. ಅದನ್ನು ಸಿಕ್ಕಿಸಿ, ಟೇಪು ಸುತ್ತಿ ಇಳಿದೆವು. ಕತ್ತಲಾಗುವ ಹೊತ್ತಿಗೆ 7 ಡಿಗ್ರಿ, ಮರುದಿನ ಬೆಳಿಗ್ಗೆ 4. ಅಕ್ಕ ಡಬ್ಬಿಯನ್ನು ಮತ್ತೆ ಒಳಗಿಟ್ಟಳು.

ಮೂರನೆಯ ದಿನದ ಸರೋವರದ ದಂಡೆಯ ಬಗ್ಗೆ ಬರೆಯಲು ಬಹಳವಿದೆ: ಸಂಜೆಯ ಹೊತ್ತಿಗೆ ನೀರು ತಾಮ್ರದ ತಟ್ಟೆಯಂತಾಗಿತ್ತು, ದಂಡೆಯುದ್ದಕ್ಕೂ ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿದ್ದವು. ಆ ನೋಟ ಸಿಗುವ ಜಾಗವೆಂದು ನಾನು ವಾಹನವನ್ನು ಇಳಿಜಾರಿನಲ್ಲೇ ನಿಲ್ಲಿಸಿದೆ. ಭಾವ ಒಳಗೆ ಹೋಗಿ ಫ್ರಿಜ್ಜಿನ ನೆಲದ ಮೇಲೆ ರಸಮಟ್ಟವನ್ನಿಟ್ಟು, ಗುಳ್ಳೆ ಒಂದು ಮೂಲೆಗೆ ಓಡಿಹೋದದ್ದನ್ನು ನನಗೆ ತೋರಿಸಿದರು. ಹಾಸಿಗೆಯಲ್ಲಿ ಮಲಗಲು ತೊಂದರೆಯಾಗದಷ್ಟು ಓರೆ ಫ್ರಿಜ್ಜಿಗೂ ನಡೆಯುತ್ತದೆಯೆಂದು ನಾನು ತಿಳಿದಿದ್ದೆ. ಆದರೆ ದ್ರವ ತಾನಾಗಿ ಇಳಿದು ಬರಬೇಕಾದ ಯಂತ್ರಕ್ಕೆ ಮಟ್ಟವೇ ಪಂಪು. ಅನೇಕ ಮಾದರಿಗಳಿಗೆ ಎಡಬಲಕ್ಕೆ 3 ಡಿಗ್ರಿ, ಹಿಂದುಮುಂದಕ್ಕೆ 6 ಡಿಗ್ರಿಗಿಂತ ಹೆಚ್ಚಿನ ಓರೆ ಸಲ್ಲದು. ಓಡುವಾಗ ವಾಹನ ಅತ್ತಿತ್ತ ವಾಲುವುದರಿಂದ ದ್ರವ ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಂತಾಗಲೇ ಅಪಾಯ. ಓರೆಯಾಗಿ ನಿಂತು ಉರಿಯುತ್ತಿದ್ದರೆ ದ್ರವ ಕೊಳವೆಯ ತಗ್ಗಿನಲ್ಲಿ ಮಡುಗಟ್ಟಿ, ಕುದಿಯುವ ಭಾಗ ಬರಿದಾಗಿ ಮಿತಿಮೀರಿ ಕಾಯುತ್ತದೆ. ಆಗ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ಕೊಳವೆಯನ್ನು ಕಟ್ಟಿಬಿಡುತ್ತದೆ. ಹಾಗಾದ ಮೇಲೆ ರಿಪೇರಿಯ ಮಾತಿಲ್ಲ, ಇಡೀ ಘಟಕವನ್ನೇ ಬದಲಿಸಬೇಕು. ತಗ್ಗಿನ ಬದಿಯ ಚಕ್ರಗಳ ಕೆಳಗೆ ಎರಡೆರಡು ಹಲಗೆ ಕೊಟ್ಟು ಹತ್ತಿಸಿ, ಗುಳ್ಳೆ ನಡುವಿಗೆ ಬರುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಕೊಕ್ಕರೆಗಳನ್ನು ಅಕ್ಕ ಒಬ್ಬಳೇ ನೋಡಿದಳು.

ನಾಲ್ಕನೆಯ ದಿನ ಘಟ್ಟ. ನೆತ್ತಿಯ ಎತ್ತರ 2,600 ಮೀಟರ್. ಅಲ್ಲಿ ರಾತ್ರಿ ಉಳಿದಾಗ ಫ್ರಿಜ್ಜಿನ ಫಲಕದಲ್ಲಿ ಎಚ್ಚರಿಕೆಯ ಕೆಂಪು ದೀಪ ಹೊತ್ತಿತು. ಹಿಂದಿನಿಂದ ಟಿಕ್ ಟಿಕ್ ಎಂದು ಕಿಡಿ ಹಾರುವುದು ಕೇಳಿಸುತ್ತಿತ್ತು, ಉರಿ ಮಾತ್ರ ಹಿಡಿಯುತ್ತಿರಲಿಲ್ಲ. ಹಿಡಿದರೂ ಒಂದೆರಡು ನಿಮಿಷದಲ್ಲಿ ನಂದುತ್ತಿತ್ತು. ಸುಮಾರು 1,700 ಮೀಟರಿಗಿಂತ ಮೇಲೆ ಗ್ಯಾಸಿನಲ್ಲಿ ಉರಿ ಆರಬಹುದು, ತಂಪು ಕುಗ್ಗಬಹುದು ಎಂದು ತಯಾರಕರ ಕೈಪಿಡಿಗಳಲ್ಲೇ ಇರುತ್ತದೆ. ತೆಳುಗಾಳಿಯಲ್ಲಿ ಗ್ಯಾಸು ಮತ್ತು ಆಮ್ಲಜನಕದ ಪ್ರಮಾಣ ತಪ್ಪುತ್ತದೆ. ನಾವು ವಿದ್ಯುತ್ ಸಂಪರ್ಕವಿರುವ ತಂಗುದಾಣದಲ್ಲಿದ್ದುದರಿಂದ ಕೇಬಲ್ ಸಿಕ್ಕಿಸಿ ಹೀಟರಿಗೆ ಬದಲಿಸಿ ಮಲಗಿದೆವು. ಆ ರಾತ್ರಿ ಚಳಿ ಎಷ್ಟಿತ್ತೆಂದರೆ ಹೊರಗಿನದಕ್ಕಿಂತ ಫ್ರಿಜ್ಜಿನೊಳಗೇ ಬೆಚ್ಚಗಿತ್ತು.

ಐದನೆಯ ದಿನ ಆಚೆಯ ತಪ್ಪಲಿಗೆ, 900 ಮೀಟರಿಗೆ, ಇಳಿದ ಮೇಲೆಯೂ ಉರಿ ಹಿಡಿಯದಿದ್ದಾಗ ಎತ್ತರದ ನೆಪ ಮುಗಿಯಿತು. ಹಿಡಿದ ಒಂದೆರಡು ಸಲ ಜ್ವಾಲೆ ನೀಲಿಯ ಬದಲು ಹಳದಿಯಾಗಿ, ಸೋಮಾರಿಯಂತೆ ತೂಗಾಡುತ್ತಿತ್ತು. ಇಡೀ ಪ್ರವಾಸದಲ್ಲಿ ನಾನು ಅತ್ಯಂತ ಏಕಾಗ್ರತೆಯಿಂದ ಕಳೆದ ಮೂರು ಗಂಟೆಗಳೆಂದರೆ ಇದರ ನಂತರದವೇ. ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ, ಫ್ರಿಜ್ಜಿನ ಸ್ವಿಚ್ಚು ಆರಿಸಿ, ಬರ್ನರ್ ಪೂರ್ತಿ ತಣಿಯುವ ತನಕ ಕಾದೆವು. ಹೊರಗಿನ ಜಾಲರಿ ತೆಗೆದು, ಬರ್ನರಿನ ತಗಡಿನ ಮುಚ್ಚಳದ ಒಂದು ಸ್ಕ್ರೂ ಬಿಚ್ಚಿದೊಡನೆ ಕಾಯಿಲೆ ಕಣ್ಣಿಗೇ ಬಿತ್ತು. ಬೆರಳುದ್ದದ ಬರ್ನರಿನ ಸೀಳುಗಳ ಮೇಲೆ ಕಂದು ಬಣ್ಣದ ತುಕ್ಕಿನ ಹೊಪ್ಪಳೆಗಳು ಗುಡ್ಡೆಯಾಗಿ ಬಿದ್ದಿದ್ದವು, ಅದರ ಬುಡದ ಗಾಳಿಕಂಡಿಯಲ್ಲಿ ಜೇಡವೊಂದು ಹತ್ತಿಯಂಥ ಬಲೆ ನೇಯ್ದಿತ್ತು. ಬರ್ನರಿನ ನೆತ್ತಿಯ ಮೇಲೆಯೇ ಹೊಗೆಕೊಳವೆ ನಿಂತಿರುತ್ತದೆ. ಘಟ್ಟದ ತಿರುವುಗಳ ಕುಲುಕಾಟಕ್ಕೆ ಅದರ ಒಳಗೋಡೆಯ ತುಕ್ಕು ಉದುರಿತ್ತು.

ಬರ್ನರನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಮೇಲಿನಿಂದ ಹೊಗೆಕೊಳವೆಯ ತಲೆ ತೆಗೆದು, ಅದರೊಳಗೆ ತಂತಿಯಿಂದ ನೇತಾಡುವ ತಿರುಚಿದ ತಗಡಿನ ಪಟ್ಟಿಯನ್ನು ಭಾವ ಮೆಲ್ಲನೆ ಮೇಲಕ್ಕೆಳೆದರು. ಬಿಸಿಹೊಗೆ ಸುತ್ತಿ ಸುತ್ತಿ ನಿಧಾನವಾಗಿ ಏರಿ, ತನ್ನ ಶಾಖವನ್ನೆಲ್ಲ ಕುದಿಯುವ ಕೊಳವೆಗೆ ಕೊಟ್ಟುಹೋಗಲೆಂದೇ ಆ ಪಟ್ಟಿ ಇರುವುದು. ಅದನ್ನು ವಾಪಸು ಹಾಕಲು ಮರೆತು, ಉರಿಯಿದ್ದರೂ ತಂಪಿಲ್ಲವೆಂದು ಒದ್ದಾಡಿದವರಿದ್ದಾರೆ. ಉದ್ದ ಹಿಡಿಯ ಬ್ರಷ್ಷಿನಿಂದ ಕೊಳವೆಯನ್ನು ಉಜ್ಜಿದಾಗ ಒಂದು ಹಿಡಿ ಮಸಿ ಮತ್ತು ತುಕ್ಕು ಇಳಿಯಿತು. ಗ್ಯಾಸು ಚಿಮ್ಮುವ ಪುಟ್ಟ ಹಿತ್ತಾಳೆಯ ಜೆಟ್ಟನ್ನು ಸ್ಪ್ಯಾನರಿನಿಂದ ಬಿಚ್ಚಿ ಬೆಳಕಿಗೆ ಹಿಡಿದರೆ, ರಂಧ್ರ ಸೂಜಿಮೊನೆಗಿಂತ ದೊಡ್ಡದಲ್ಲ. ನಾನು ನಿಜವಾಗಿಯೂ ಸೂಜಿ ತರಲು ಎದ್ದಿದ್ದೆ. "ಸೂಜಿ ಹಾಕಿದೆಯೋ, ಜೆಟ್ ಕೆಟ್ಟಿತು ಎಂದೇ ಲೆಕ್ಕ" ಎಂದು ಭಾವ ತಡೆದರು. ರಂಧ್ರದ ಅಳತೆ ಕೂದಲೆಳೆಯಷ್ಟು ಹಿಗ್ಗಿದರೂ ಉರಿಯ ಗಾತ್ರ ಬದಲಾಗಿ ಮಸಿ ಹೆಚ್ಚುತ್ತದೆ. ಅಕ್ಕನ ಔಷಧಿಪೆಟ್ಟಿಗೆಯಲ್ಲಿದ್ದ ಸ್ಪಿರಿಟ್ಟಿನಲ್ಲಿ ಅದನ್ನು ಅರ್ಧ ಗಂಟೆ ನೆನೆಸಿ, ಗಾಳಿಗೆ ಒಣಗಿಸಿದೆವು. ಕಿಡಿ ಹಾರುವ ಎಲೆಕ್ಟ್ರೋಡಿನ ತುದಿಯನ್ನೂ ಒರೆಸಿ, ಬರ್ನರಿನಿಂದ ಅದರ ಅಂತರ 4 ಮಿಲಿಮೀಟರಿನಷ್ಟಿದೆಯೆಂದು ಖಾತ್ರಿಪಡಿಸಿಕೊಂಡೆವು.

ಎಲ್ಲವನ್ನೂ ಜೋಡಿಸಿದ ಮೇಲೆ ಸಿಲಿಂಡರ್ ತೆರೆದು, ಬಿಚ್ಚಿದ್ದ ಕೀಲಿಗೆ ಸಾಬೂನು ನೊರೆ ಹಚ್ಚಿದಾಗ ಗುಳ್ಳೆ ಏಳಲಿಲ್ಲ. ಕೊಳವೆಯೊಳಗಿನ ಗಾಳಿ ಹೊರಹೋಗುವ ತನಕ ಎರಡು ಸಲ ಕಿಡಿ ವ್ಯರ್ಥವಾಗಿ, ಮೂರನೆಯದಕ್ಕೆ ಉರಿ ಹಿಡಿಯಿತು. ಚೂಪಾದ ನೀಲಿ ಜ್ವಾಲೆ, ಜೊತೆಗೆ ಸಣ್ಣಗೆ ಸುಯ್ ಎನ್ನುವ ಶಬ್ದ. ಸದ್ದಿಲ್ಲದ ಈ ಯಂತ್ರದಲ್ಲಿ ಕಿವಿಗೆ ಸಿಗುವ ಕುಶಲವಾರ್ತೆ ಅದೊಂದೇ.

ಉಳಿದವು ಸಣ್ಣಪುಟ್ಟವು. ಆರನೆಯ ದಿನ ಬೆಳಿಗ್ಗೆ ಫಲಕದ ದೀಪಗಳೆಲ್ಲ ಆರಿದ್ದವು. ಉರಿ ಗ್ಯಾಸಿನದಾದರೂ ಅದನ್ನು ನಿಯಂತ್ರಿಸುವ ಬೋರ್ಡಿಗೆ 12 ವೋಲ್ಟ್ ಬೇಕೇ ಬೇಕು. ಫ್ಯೂಸ್ ಸರಿಯಿತ್ತು, ವೈರೊಂದರ ಅರ್ಥಿಂಗ್ ಸ್ಕ್ರೂ ಹಸಿರುಗಟ್ಟಿತ್ತು. ಕೆರೆದು ಬಿಗಿದಾಗ ದೀಪಗಳು ಮರಳಿದವು. ಅದೇ ದಿನ, ಒಳಗಿನ ಶಾಖ ಹೀರುವ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬೆರಳು ದಪ್ಪದ ಮಂಜು ಕಟ್ಟಿರುವುದನ್ನು ಅಕ್ಕ ತೋರಿಸಿದಳು. ಬಾಗಿಲಿನ ರಬ್ಬರಿನ ಸುತ್ತ ಕಾಗದದ ಚೂರನ್ನು ಸಿಕ್ಕಿಸಿ ಎಳೆಯುತ್ತಾ ಹೋದರೆ ಎಲ್ಲ ಕಡೆಯೂ ಬಿಗಿ, ಕೆಳಗಿನ ಬಲಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿಬಂತು. ಆ ಸಂದಿನಿಂದ ನುಗ್ಗುವ ತೇವವೇ ಮಂಜಾಗುತ್ತಿತ್ತು. ಫ್ರಿಜ್ಜು ಆರಿಸಿ, ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಟ್ಟು ಮಂಜನ್ನು ತಾನಾಗಿ ಕರಗಲು ಬಿಟ್ಟೆವು. ಚಾಕುವಿನಿಂದ ಕೆರೆಯುವ ಆತುರಕ್ಕೆ ಎಷ್ಟೋ ಫ್ರಿಜ್ಜುಗಳು ಬಲಿಯಾಗಿವೆ. ರಬ್ಬರಿನ ಮೂಲೆಗೆ ಬಿಸಿನೀರಿನ ಬಟ್ಟೆ ಒತ್ತಿ, ಮೆತ್ತಗಾದ ಮೇಲೆ ಎಳೆದು ಆಕಾರಕ್ಕೆ ತಂದಾಗ ಕಾಗದ ಅಲ್ಲಿಯೂ ಸಿಕ್ಕಿಬಿತ್ತು. ಮಂಜಿಲ್ಲದ ರೆಕ್ಕೆಗಳು ಆ ರಾತ್ರಿ ಎಷ್ಟು ಚುರುಕಾದವೆಂದರೆ ಥರ್ಮಾಮೀಟರು 1 ಡಿಗ್ರಿಗೆ ಇಳಿಯಿತು, ಇನ್ಸುಲಿನ್ನಿಗೆ ಅದು ಸಲ್ಲದು. ರೆಕ್ಕೆಯೊಂದಕ್ಕೆ ಸಿಕ್ಕಿಸಿದ್ದ ಉಷ್ಣಸಂವೇದಕದ ಕ್ಲಿಪ್ಪನ್ನು ಎರಡು ಬೆರಳಿನಷ್ಟು ಕೆಳಗೆ ಸರಿಸಿದೆವು; ಅದು ಮೇಲಿದ್ದಷ್ಟೂ ಫ್ರಿಜ್ಜು ಹೆಚ್ಚು ತಣಿಯುತ್ತದೆ.

ಏಳನೆಯ ದಿನ ಊರು ಸೇರಿದ ಮೇಲೆ ಸಾಮಾನು ಇಳಿಸಿ, ಸಿಲಿಂಡರ್ ಮುಚ್ಚಿ, ಒಳಗೆ ಬೂಷ್ಟು ಹಿಡಿಯದಂತೆ ಬಾಗಿಲ ಸಂದಿಗೆ ಮಡಿಸಿದ ಬಟ್ಟೆಯೊಂದನ್ನು ಸಿಕ್ಕಿಸಿದೆ. ಭಾವ ಆಗಲೇ ಟಾರ್ಚ್ ಹಿಡಿದು ಹಿಂದಿನ ಜಾಲರಿಯ ಮುಂದೆ ಮಂಡಿಯೂರಿದ್ದರು. ಕೊಳವೆಗಳ ಮೇಲೆ ಹಳದಿ ಪುಡಿಯಿದ್ದರೆ, ಅಮೋನಿಯಾದ ಘಾಟು ಮೂಗಿಗೆ ಬಡಿದರೆ, ಅದು ಸ್ಕ್ರೂಡ್ರೈವರಿನಿಂದ ತೀರುವ ರೋಗವಲ್ಲ, ಸೋರಿಕೆ. ತಕ್ಷಣ ಎಲ್ಲವನ್ನೂ ಆರಿಸಿ ಕಿಟಕಿ ತೆರೆದು ಹೊರಬರಬೇಕು. ಏಳೂ ದಿನ ಬೆಳಿಗ್ಗೆ ಅವರು ಇದನ್ನೇ ನೋಡುತ್ತಿದ್ದರಂತೆ, ನಮಗೆ ಹೇಳಿರಲಿಲ್ಲ. "ಏನಿದೆ ಭಾವ?" ಎಂದೆ. ಕೊಳವೆಯ ಬೆಸುಗೆಯೊಂದರ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿ, "ಬರೀ ಧೂಳು" ಎಂದರು.