ಪ್ಲಸ್ ಟು ಆಯ್ತು, ಮೇಜರ್ ಎಂತ ಹಾಕುವುದು?

ದಾವಣಗೆರೆಯಿಂದ ಮದುವೆಯಾಗಿ ಕಾಸರಗೋಡಿನ ನೀರ್ಚಾಲಿಗೆ ಬಂದು ಹನ್ನೆರಡು ವರ್ಷವಾಯ್ತು. ಇಲ್ಲಿನವರ ಎದುರು ‘ಹೊರನಾಡ ಕನ್ನಡಿಗರು’ ಅಂದರೆ ತಿದ್ದುತ್ತಾರೆ: ‘ಹೊರನಾಡಲ್ಲ, ಗಡಿನಾಡು.’ ಸರಿ, ಹೊರಗಿನವಳು ನಾನೊಬ್ಬಳೇ.

ಮೊನ್ನೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದಾಗ ಪಕ್ಕದ ಮನೆ ಹುಡುಗಿ ಬಂದಳು. ನಮ್ಮ ಪಿಯುಸಿಗೆ ಇಲ್ಲಿ ಪ್ಲಸ್ ಟು ಅಂತಾರೆ. ಅದು ಮುಗಿದಿದೆ.

‘ಅಕ್ಕಾ, ಮೇಜರ್ ಎಂತ ಹಾಕುವುದು? ಅಪ್ಪ ಬಿ.ಕಾಂ. ಹೇಳ್ತಾರೆ. ನಂಗೆ ಕನ್ನಡ ಇಷ್ಟ. ಮಾರ್ಕ್ ಜಾಸ್ತಿ ಇರುವುದು ಲೆಕ್ಕದಲ್ಲಿ.’

2024ರಿಂದ ಕೇರಳದಲ್ಲಿ ಡಿಗ್ರಿ ನಾಲ್ಕು ವರ್ಷದ್ದು. ಬೇಕಾದರೆ ಮೂರಕ್ಕೇ ಮುಗಿಸಬಹುದು. ಆಮೇಲೆ ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗೆ ಓದುವ ವಿಷಯ) ಅನ್ನೋ ಮಾತು ನಮ್ಮ ಜಗಲಿಗೂ ಬಂದಿದೆ. ಕ್ಯಾಲೆಂಡರಿನ ಹಳೇ ಹಾಳೆ ಹರಿದು ಹಿಂಬದಿಯಲ್ಲಿ ಬರೆಯಲು ಕೂತೆವು.

ಬಿ.ಕಾಂ. ಎಂದರೆ ಇಲ್ಲಿ ಮೊದಲು ನೆನಪಾಗುವುದು ಸೇವಾ ಸಹಕಾರಿ ಬ್ಯಾಂಕು. ಅಲ್ಲಿ ಗುಮಾಸ್ತರಾಗಲು ಸುಮ್ನೆ ಬಿ.ಕಾಂ. ಸಾಲದು. ಸಹಕಾರ ವಿಷಯ ಓದಿದ ಬಿ.ಕಾಂ. ಆಗಬೇಕು, ಇಲ್ಲವೇ ಜೆ.ಡಿ.ಸಿ.ಯಂಥ ಸಹಕಾರ ಡಿಪ್ಲೊಮಾ ಬೇಕು. ಇದನ್ನು ಡಿಗ್ರಿ ಮುಗಿದ ಮೇಲೆ ತಿಳಿದು ಪೇಚಾಡುವವರೇ ಜಾಸ್ತಿ. ಅದೂ ಆಗದಿದ್ದರೆ ಬೆಳಗಿನ ಮಂಗಳೂರು ರೈಲು, ಇಲ್ಲವೇ ದುಬೈ. ಸಸ್ಯಶಾಸ್ತ್ರ ಓದಿದವರಿಗೆ ಇಲ್ಲೇ ಕೂಡ್ಲಿನಲ್ಲಿ ಸಿ.ಪಿ.ಸಿ.ಆರ್.ಐ., ಅಂದರೆ ಕೇಂದ್ರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಜಾಗ. ಆದರೆ ಹುಡುಗಿಗೆ ಗಿಡಮರ ಬೇಡವಂತೆ, ಬಿಟ್ಟೆವು.

ಇನ್ನು ಕನ್ನಡ. ನಾನು ಬಿ.ಎ. ಕನ್ನಡ ಸೇರಿದಾಗ ಸೋದರಮಾವ ‘ಓದಿ ಎಮ್ಮೆ ಕಾಯ್ತೀಯಾ?’ ಅಂದಿದ್ದರು. ಇಲ್ಲಿ ಅದೇ ಡಿಗ್ರಿಗೆ ದಾರಿ ಗೊತ್ತುಮಾಡಿ ಇಟ್ಟಿದ್ದಾರೆ. ಹೈಸ್ಕೂಲಿಗೆ ಬಿ.ಎಡ್. ಮತ್ತು ಕೆ-ಟೆಟ್ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆ. ಪ್ಲಸ್ ಟು ಪಾಠಕ್ಕೆ ಎಂ.ಎ., ಬಿ.ಎಡ್., ಜೊತೆಗೆ ರಾಜ್ಯದ ಸೆಟ್ ಪರೀಕ್ಷೆ. ಕಾಲೇಜಿಗೆ ನೆಟ್ ಪರೀಕ್ಷೆ. ಕನ್ನಡ, ಮಲಯಾಳಂ ಎರಡೂ ಬಲ್ಲ ಗುಮಾಸ್ತರ ಹುದ್ದೆಗೆ ಕೇರಳ ಪಿ.ಎಸ್.ಸಿ. (ಲೋಕಸೇವಾ ಆಯೋಗ) ಕಾಸರಗೋಡಿಗೆಂದೇ ಬೇರೆ ಅರ್ಜಿ ಕರೆಯುತ್ತದೆ. ಅದಕ್ಕೆ ಮೇಜರ್ ಯಾವುದಾದರೂ ನಡೆಯುತ್ತದೆ.

ಆಗ ನನಗೊಂದು ಹೊಳೆಯಿತು. ‘ಹತ್ತನೇ ತನಕ ನೀನು ಯಾವ ಮೀಡಿಯಂ?’

‘ಕನ್ನಡವೇ.’

ಕನ್ನಡ ಶಾಲೆಗೆ ಕನ್ನಡ ಟೀಚರ್ ಒಬ್ಬರೇ ಸಾಕಾ? ಲೆಕ್ಕಕ್ಕೂ ವಿಜ್ಞಾನಕ್ಕೂ ಕನ್ನಡದಲ್ಲೇ ಹೇಳಿಕೊಡುವವರು ಬೇಕು. ‘ಗಣಿತ, ಕನ್ನಡ ಮಾಧ್ಯಮ’ ಅಂತ ಪಿ.ಎಸ್.ಸಿ. ಪ್ರತ್ಯೇಕವಾಗಿಯೇ ಕರೆಯುತ್ತದೆ. ಕನ್ನಡ ಬಾರದ ಮಾಸ್ಟ್ರು ಕನ್ನಡ ತರಗತಿಗೆ ಬಂದು, ತಂದೆತಾಯಂದಿರು ಪ್ರತಿಭಟನೆಗೆ ಕೂತದ್ದೂ ಈ ಜಿಲ್ಲೆಯಲ್ಲಿ ನಡೆದಿದೆ. ‘ಲಂಬಕೋನ, ವಿಕರ್ಣ, ಲ.ಸಾ.ಅ. ನಿಂಗೆ ನಿದ್ದೆಗಣ್ಣಲ್ಲೂ ಬರ್ತದೆ. ಕೊಲ್ಲಂನಿಂದ ಬಂದವರಿಗೆ ಬರ್ತದಾ?’ ಅಂದೆ. ಹುಡುಗಿ ಅಡಿಕೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಮೇಜರ್ ಗಣಿತ ಇರಲಿ, ಮೈನರಿಗೆ ಕನ್ನಡ ಕೊಡ್ತಾರಾ ಅಂತ ಕಾಲೇಜಲ್ಲಿ ಕೇಳು ಅಂತ ಬರೆದುಕೊಟ್ಟೆ.

ಹಾಗಂತ ಕೆಲಸ ಕಾದು ಕೂತಿಲ್ಲ. ಹುದ್ದೆಗಳು ಕಮ್ಮಿ. ಪರೀಕ್ಷೆ ಬರೆದು, ರ‍್ಯಾಂಕ್ ಲಿಸ್ಟ್ ಬರುವ ತನಕ ಕಾಯಬೇಕು. ಮಲಯಾಳಂ ಓದಲು ಬರಲೇಬೇಕು, ಆಫೀಸಿನ ಕಾಗದವೆಲ್ಲ ಅದರಲ್ಲೇ. ನಾನು ಕಲಿತದ್ದು ಬಸ್ಸಿನ ಬೋರ್ಡು ನೋಡಿ.

ನನ್ನ ಕಥೆಯನ್ನೂ ಹೇಳಿದೆ. ಪಿ.ಎಸ್.ಸಿ.ಯ ಆನ್‌ಲೈನ್ ಖಾತೆಗೆ ‘ತುಳಸಿ’ ಅಂತ ಹೆಸರು. ಅರ್ಜಿ ಹಾಕಿದ ಮೇಲೆ, ಪರೀಕ್ಷೆ ಬರೆಯುತ್ತೇನೆ ಅಂತ ಅದರಲ್ಲಿ ಇನ್ನೊಮ್ಮೆ ಖಾತ್ರಿ ಕೊಡಬೇಕು. ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ನಾನು ಅರ್ಜಿ ಹಾಕಿ, ಆರು ತಿಂಗಳು ಹಗಲುರಾತ್ರಿ ಓದಿ, ಖಾತ್ರಿ ಕೊಡಲು ಮರೆತೆ. ಮನೆಯ ತುಳಸಿಗೆ ದಿನಾ ನೀರು ಹಾಕಿದೆ, ಆ ತುಳಸಿ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಅವಳಪ್ಪ ತೋಟದಿಂದ ಬಂದರು. ಹಾಳೆ ಎತ್ತಿ ಬೆಳಕಿಗೆ ಹಿಡಿದರು. ‘ಡಿಗ್ರಿ ಮೂರು, ಬಿ.ಎಡ್. ಎರಡು. ಐದು ವರ್ಷವಾ?’

‘ಅಡಿಕೆ ಸಸಿ ನೆಟ್ಟರೂ ಫಸಲಿಗೆ ಅಷ್ಟು ಕಾಯ್ತೀರಿ, ಅಲ್ವಾ ಅಣ್ಣಾ?’

‘ಅಡಿಕೆ ಸಸಿಗೆ ಕೆ-ಟೆಟ್ ಇಲ್ಲ ಮಾರಾಯ್ರೇ’ ಅಂದವರು ಹಾಳೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.